ಓದುಗರ ಪ್ರಶ್ನೆ: ಸಂಬಳದ ಕೆಲಸ ಬಿಟ್ಟು ಸ್ವಂತ ನೇಲ್ ಸ್ಟುಡಿಯೋ ತೆರೆಯಬಹುದೇ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ಕಲಬುರಗಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಉಗುರಿನ ಕೆಲಸ ಮಾಡುತ್ತೇನೆ. ದೀಪದ ಬೆಳಕಿನಲ್ಲಿ ಗಟ್ಟಿ ಮಾಡುವ ಜೆಲ್ ಪಾಲಿಶ್, ಉಗುರನ್ನು ಉದ್ದ ಮಾಡುವ ಎಕ್ಸ್‌ಟೆನ್ಷನ್, ನೇಲ್ ಆರ್ಟ್ ಎಲ್ಲವೂ ಬರುತ್ತದೆ. ತಿಂಗಳಿಗೆ 15,000 ರೂಪಾಯಿ ಸಂಬಳವಿದೆ. ಹೆಚ್ಚಿನ ಗಿರಾಕಿಗಳು ನನ್ನ ಹೆಸರು ಹೇಳಿಕೊಂಡೇ ಬರುತ್ತಾರೆ. ಸೇಡಂ ರಸ್ತೆಯ ಕಡೆ ಮೊದಲ ಮಹಡಿಯಲ್ಲಿ ಒಂದು ಸಣ್ಣ ಕೋಣೆ 8,000 ರೂಪಾಯಿ ಬಾಡಿಗೆಗೆ ಸಿಗುತ್ತಿದೆ. ಮುಂಗಡ 50,000 ಕೇಳುತ್ತಿದ್ದಾರೆ. ಆದರೆ ಕೆಲಸ ಬಿಟ್ಟ ಮೇಲೆ ಒಂದು ವರ್ಷ ಇದೇ ಊರಿನಲ್ಲಿ ಈ ವೃತ್ತಿ ಮಾಡುವುದಿಲ್ಲ ಎಂಬ ಕಾಗದಕ್ಕೆ ನಾನು ಸೇರುವಾಗಲೇ ಸಹಿ ಹಾಕಿದ್ದೇನೆ. ಮನೆಯವರು ಹೆದರುತ್ತಿದ್ದಾರೆ. ಕೋಣೆ ಹಿಡಿಯಲೇ, ಕಾಯಲೇ?
— ಹೆಸರು ಬೇಡ, ಕಲಬುರಗಿ

ಉತ್ತರ: ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ ಕೋಣೆ ಹಿಡಿಯಬೇಡಿ, ಹೆಚ್ಚು ಎಂಬ ಕಾರಣಕ್ಕೆ ಬಿಡಲೂ ಬೇಡಿ. ಆ 8,000 ರೂಪಾಯಿಯನ್ನು ಆಷಾಢದಲ್ಲಿ ಕಟ್ಟಬಲ್ಲಿರಾ ಎಂಬುದನ್ನು ಮೊದಲು ನೋಡಿಕೊಳ್ಳಿ. ವೈಶಾಖದ ಮದುವೆಗಳಲ್ಲಿ, ರಂಜಾನ್ ಹಬ್ಬದ ಹಿಂದಿನ ಎರಡು ಮೂರು ದಿನಗಳಲ್ಲಿ ನಮ್ಮ ಊರಿನ ಯಾವ ಪಾರ್ಲರಿನಲ್ಲೂ ಕೂರಲು ಜಾಗವಿರುವುದಿಲ್ಲ. ಆ ದಿನಗಳ ಗಳಿಕೆ ನೋಡಿ ಲೆಕ್ಕ ಹಾಕಿದವರು ಮದುವೆಗಳಿಲ್ಲದ ಆಷಾಢ ಮತ್ತು ಧನುರ್ಮಾಸದಲ್ಲಿ ಮುಂಗಡದ ಹಣದಲ್ಲೇ ಬಾಡಿಗೆ ಮುರಿದುಕೊಳ್ಳಿ ಎಂದು ಮಾಲೀಕರನ್ನು ಕೇಳುವ ಸ್ಥಿತಿಗೆ ಬರುತ್ತಾರೆ.

ಲೆಕ್ಕವನ್ನು ಹೀಗೆ ಹಾಕಿ. ಬಾಡಿಗೆ, ಕರೆಂಟು, ಇಂಟರ್ನೆಟ್, ಶುಚಿತ್ವದ ಖರ್ಚು ಸೇರಿ ತಿಂಗಳಿಗೆ 13,000 ಆಗುತ್ತದೆ ಎಂದಿಟ್ಟುಕೊಳ್ಳಿ. ಸಾಮಗ್ರಿಯ ಖರ್ಚು ಕಳೆದು ಒಂದು ಕೆಲಸಕ್ಕೆ ಸರಾಸರಿ 500 ಉಳಿದರೆ ಮೊದಲ 26 ಕೆಲಸಗಳು ಕೋಣೆಗೇ ಹೋಗುತ್ತವೆ. ಈಗಿನ ಸಂಬಳದಷ್ಟನ್ನು ಮನೆಗೆ ಒಯ್ಯಲು ಇನ್ನೂ 30 ಬೇಕು. ಅಂದರೆ ತಿಂಗಳಿಗೆ 56 ಕೆಲಸ, ದಿನಕ್ಕೆ ಸುಮಾರು ಎರಡು. ಕೇಳಲು ಸುಲಭ ಎನಿಸುತ್ತದೆ, ಆದರೆ ಅದು ಖಾಲಿ ತಿಂಗಳಲ್ಲೂ ಬರಬೇಕಾದ ಸಂಖ್ಯೆ ಎಂಬುದನ್ನು ಮರೆಯಬೇಡಿ. ಈ ವೃತ್ತಿಯ ನಿಜವಾದ ಆಧಾರ ಮದುಮಗಳಲ್ಲ, ಉಗುರು ಬೆಳೆದು ಬುಡದಲ್ಲಿ ಬಿಟ್ಟ ಜಾಗವನ್ನು ತುಂಬಿಸಿಕೊಳ್ಳಲು, ಅಂದರೆ ರಿಫಿಲ್‌ಗೆ, ಮೂರು ವಾರಕ್ಕೊಮ್ಮೆ ಬರುವ ಬ್ಯಾಂಕ್ ಉದ್ಯೋಗಿ, ಉಪನ್ಯಾಸಕಿ, ವೈದ್ಯಕೀಯ ವಿದ್ಯಾರ್ಥಿನಿ. ಅಂಥವರು 20 ಜನ ಇದ್ದರೆ ತಿಂಗಳಿಗೆ ಸುಮಾರು 28 ಕೆಲಸ ತಾನಾಗಿ ಬರುತ್ತದೆ, ಅಂದರೆ ಕೋಣೆಯ ಖರ್ಚು ಹುಟ್ಟುತ್ತದೆ.

ನಿಮ್ಮ ಹೆಸರು ಹೇಳಿಕೊಂಡು ಬರುವವರಲ್ಲಿಯೂ ಎರಡು ಬಗೆಯವರಿದ್ದಾರೆ. ಕೆಲವರು ನಿಮ್ಮ ಕೈಗಾಗಿಯೇ ಬರುತ್ತಾರೆ. ಇನ್ನು ಕೆಲವರು ಫೇಶಿಯಲ್, ಕೂದಲು, ಉಗುರು ಮೂರೂ ಒಂದೇ ಕಡೆ ಮುಗಿಯುತ್ತದೆ ಎಂದು ಬರುತ್ತಾರೆ, ಬಂದಾಗ ನಿಮ್ಮನ್ನು ಕೇಳುತ್ತಾರೆ. ಇವರು ಬರೀ ಉಗುರಿಗಾಗಿ ಬೇರೆ ಕಟ್ಟಡದ ಮೆಟ್ಟಿಲು ಹತ್ತುವುದು ಕಡಿಮೆ. ಮೂರು ತಿಂಗಳ ನೆನಪಿನಿಂದ ಇಬ್ಬರನ್ನೂ ಬೇರೆ ಬೇರೆಯಾಗಿ ಎಣಿಸಿ. ನಮ್ಮ ಊರಿನಲ್ಲಿ ಮುಸ್ಲಿಂ ಗಿರಾಕಿಗಳು ಬಹಳ ಮಂದಿ, ಮತ್ತು ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವಜೂ ಮಾಡುವಾಗ ನೀರು ಉಗುರಿಗೆ ತಾಗಬೇಕಾದ್ದರಿಂದ ಅವರಲ್ಲಿ ಅನೇಕರು ವಾರಗಟ್ಟಲೆ ಇರುವ ಜೆಲ್ ಬಯಸುವುದಿಲ್ಲ. ಅವರಿಗಾಗಿ ಅಂಟಿಸಿ ತೆಗೆಯಬಹುದಾದ ಪ್ರೆಸ್-ಆನ್ ಉಗುರುಗಳನ್ನು ಅಳತೆಗೆ ಮಾಡಿಕೊಡುವುದು, ಬಣ್ಣವಿಲ್ಲದ ಮ್ಯಾನಿಕ್ಯೂರ್ ಮಾಡುವುದು ಒಳ್ಳೆಯ ಸೇವೆ. ಪ್ರೆಸ್-ಆನ್ ಅನ್ನು ಖಾಲಿ ದಿನಗಳಲ್ಲಿ ಕುಳಿತು ಮಾಡಿಡಬಹುದು ಎಂಬುದು ಆಷಾಢಕ್ಕೂ ಅನುಕೂಲ.

ಇನ್ನು ಕಾಗದದ ವಿಷಯ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬರನ್ನು ಅವರ ವೃತ್ತಿ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ; ಕೆಲಸ ಬಿಟ್ಟ ನಂತರದ ಇಂಥ ನಿರ್ಬಂಧಗಳನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಹೀಗಾಗಿ ಆ ಸಾಲಿಗೆ ಹೆದರಿ ಒಂದು ವರ್ಷ ಕಳೆಯಬೇಕಾಗಿಲ್ಲ. ಆದರೆ ಸಂಬಳ ಪಡೆಯುತ್ತಿರುವಾಗಲೇ ಅಲ್ಲಿನ ಗಿರಾಕಿಗಳನ್ನು ನಿಮ್ಮ ಕಡೆ ಕರೆಯುವುದು, ಪಾರ್ಲರಿನ ಫೋನ್ ನಂಬರುಗಳ ಪುಸ್ತಕವನ್ನು ನಕಲು ಮಾಡಿಕೊಳ್ಳುವುದು ಬೇರೆ ಮಾತು, ಅದನ್ನು ಮಾಡಲೇಬೇಡಿ. ನೋಟಿಸ್ ಅವಧಿ ಪೂರ್ತಿ ಮುಗಿಸಿ ಹೊರಬನ್ನಿ. ನಿಮ್ಮ ತರಬೇತಿಯ ಶುಲ್ಕವನ್ನು ಅವರು ಕಟ್ಟಿ ಅದಕ್ಕೆ ಪ್ರತ್ಯೇಕ ಬಾಂಡ್ ಬರೆಸಿಕೊಂಡಿದ್ದರೆ ಅದನ್ನು ವಕೀಲರಿಗೆ ತೋರಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಕೋಣೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಕೋಣೆ ಕಾದರೆ ಎಕ್ಸ್‌ಟೆನ್ಷನ್‌ಗೆ ಪುಡಿಯೊಂದಿಗೆ ಬೆರೆಸುವ ಅಕ್ರಿಲಿಕ್‌ನ ಲಿಕ್ವಿಡ್ ಬೇಗ ಆವಿಯಾಗಿ, ಆಕಾರ ಕೊಡುವ ಮೊದಲೇ ಆ ಮಿಶ್ರಣದ ಉಂಡೆ ಗಟ್ಟಿಯಾಗುತ್ತದೆ. ಜೆಲ್ ತೆಳುವಾಗಿ ಚರ್ಮದ ಮೇಲೆ ಹರಿಯುತ್ತದೆ. ಮೇಲೆ ಇನ್ನೊಂದು ಮಹಡಿ ಇದೆಯೇ, ನೇರ ಛಾವಣಿಯೇ ಎಂದು ಕೇಳಿ. ಎಸಿ ಹಾಕಿದರೆ ಸಾಕು ಎಂದು ತಿಳಿಯಬೇಡಿ, ಏಕೆಂದರೆ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಪಾಲಿಶ್ ತೆಗೆಯುವ ಅಸಿಟೋನಿನ ಆವಿ, ಡ್ರಿಲ್ ಮಷಿನಿನಿಂದ ಏಳುವ ಸಣ್ಣ ಧೂಳು ಹೊರಹೋಗಬೇಕಾದರೆ ಹೊರಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಬೇಕು. ದಿನವಿಡೀ ಅಲ್ಲಿ ಉಸಿರಾಡುವವರು ನೀವು. ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಆ ಕೋಣೆ ಬಿಟ್ಟುಬಿಡಿ, ಬಾಡಿಗೆ ಎಷ್ಟೇ ಕಡಿಮೆಯಿರಲಿ.

ಕರಾರು ಸಾಮಾನ್ಯವಾಗಿ 11 ತಿಂಗಳದ್ದಿರುತ್ತದೆ. ಒಂದು ವರ್ಷಕ್ಕೆ ಮೀರಿದ್ದಾದರೆ ನೋಂದಣಿ ಕಡ್ಡಾಯ. ಮುಂಗಡ ಯಾವಾಗ ಹಿಂತಿರುಗುತ್ತದೆ, ಬಾಡಿಗೆ ಎಷ್ಟು ಏರುತ್ತದೆ, ರಸ್ತೆಗೆ ಕಾಣುವಂತೆ ಬೋರ್ಡ್ ಹಾಕಬಹುದೇ, ಶೌಚಾಲಯ ಯಾರದ್ದು, ಸಬ್-ಮೀಟರ್ ಇದ್ದರೆ ಯೂನಿಟ್‌ಗೆ ಎಷ್ಟು, ಇವೆಲ್ಲ ಬರವಣಿಗೆಯಲ್ಲಿರಲಿ. ಮಹಾನಗರ ಪಾಲಿಕೆಯ ಉದ್ಯಮ ಪರವಾನಗಿ ಮತ್ತು ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ ಬೇಕಾಗುತ್ತದೆ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಏಜೆಂಟರಿಗೆ ಹಣ ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ಮೀರುವವರೆಗೆ ಜಿಎಸ್‌ಟಿ ಚಿಂತೆಯಿಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಅದನ್ನು ಯಂತ್ರ ಸಾಮಗ್ರಿಗೆ ಬಳಸಿ, ಮುಂಗಡಕ್ಕೆ ಬಳಸಬೇಡಿ.

ಯಂತ್ರಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಉಪಕರಣಗಳನ್ನು ಸೋಂಕುಮುಕ್ತ ಮಾಡುವ ಯಂತ್ರ. ನೀಲಿ ದೀಪದ ಯುವಿ ಪೆಟ್ಟಿಗೆಯನ್ನು ಸ್ಟೆರಿಲೈಸರ್ ಎಂದು ಮಾರುತ್ತಾರೆ, ಅದರಿಂದ ಉಗುರಿನ ಬುಡದ ಚರ್ಮ ಕತ್ತರಿಸುವ ಕ್ಯೂಟಿಕಲ್ ನಿಪ್ಪರ್ ನಿಜವಾಗಿ ಸೋಂಕುಮುಕ್ತವಾಗುವುದಿಲ್ಲ. ತೊಳೆದು ಒರೆಸಿದ ಲೋಹದ ಉಪಕರಣ ಒತ್ತಡದಲ್ಲಿರುವ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಬೇಕು. ಕಾಗದದ ಫೈಲ್, ಬಫರ್ ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು. ಜೆಲ್ ಕಂಪನಿ ಹೇಳಿದ ದೀಪವನ್ನೇ ಬಳಸಿ: ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಬರುತ್ತದೆ, ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮತ್ತು ಅದು ಗಿರಾಕಿಗಿಂತ ಮೊದಲು ಕೆಲಸ ಮಾಡುವವರಿಗೇ ಬರುವ ಸಂಭವ ಹೆಚ್ಚು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಿಮ್ಮ ಕೈಗಾಗಿಯೇ ಬರುವ 20 ಜನರ ಹೆಸರನ್ನು ಬರೆಯಬಲ್ಲಿರಾದರೆ, ಮುಂಗಡ ಬಿಟ್ಟು ಆರು ತಿಂಗಳ ಬಾಡಿಗೆ ಕೈಯಲ್ಲಿದ್ದರೆ, ಕೋಣೆ ಹಿಡಿಯಿರಿ. ಹೆಸರುಗಳು ಹತ್ತಕ್ಕೇ ನಿಂತರೆ ಕೆಲಸ ಬಿಟ್ಟರೂ ಕೋಣೆ ಬೇಡ. ಯಾವುದಾದರೂ ಲೇಡೀಸ್ ಬೂಟೀಕಿನಲ್ಲಿ ಒಂದು ಟೇಬಲ್ಲಿನ ಜಾಗವನ್ನು ತಿಂಗಳ ಬಾಡಿಗೆಗೆ ಕೇಳಿ. ಬ್ಲೌಸ್ ಹೊಲಿಸಲು ಬರುವ ಮದುವೆ ಮನೆಯ ಹೆಂಗಸರು ಅಲ್ಲಿಯೇ ಸಿಗುತ್ತಾರೆ.

ಪ್ರಶ್ನೆ: ನಾನು ಯಾದಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿಯೇ ಉಗುರಿನ ಕೆಲಸ ಶುರು ಮಾಡಬೇಕೆಂದಿದ್ದೇನೆ. ಬಾಡಿಗೆ ಉಳಿಯುತ್ತದೆ, ಗೃಹಜ್ಯೋತಿಯಿಂದ ಕರೆಂಟೂ ಉಚಿತ. ಇದರಲ್ಲಿ ತೊಂದರೆಯಿದೆಯೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಬಾಡಿಗೆ ಉಳಿಯುವುದು ನಿಜ, ಕರೆಂಟಿನ ಮಾತು ಮಾತ್ರ ಸರಿಯಲ್ಲ. ಗೃಹಜ್ಯೋತಿ ಇರುವುದು ಮನೆ ಬಳಕೆಗೆ. ಮನೆಯ ಮೀಟರಿನಲ್ಲಿ ವ್ಯಾಪಾರ ನಡೆಸಿದ್ದು ತಪಾಸಣೆಯಲ್ಲಿ ಕಂಡುಬಂದರೆ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರದಲ್ಲಿ ಬಿಲ್ ಹಾಕಲು ಅವಕಾಶವಿದೆ, ಮನೆಯವರಿಗೆ ಸಿಗುತ್ತಿರುವ ಸೌಲಭ್ಯಕ್ಕೂ ಕುತ್ತು ಬರಬಹುದು. ಶುರು ಮಾಡುವ ಮೊದಲೇ ನಿಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಉಪವಿಭಾಗದ ಕಚೇರಿಗೆ ಹೋಗಿ ಆ ಒಂದು ಕೋಣೆಗೆ ಪ್ರತ್ಯೇಕ ವಾಣಿಜ್ಯ ಮೀಟರಿಗೆ ಅರ್ಜಿ ಕೊಡಿ.