ಶೆಡ್ಡಿನ ಮಕ್ಕಳಿಗೂ ಶಾಲೆ ಇದೆ

(ಮಂಗಳೂರು ಪಾಲಿಕೆಯಲ್ಲಿ ಎರಡು ಅವಧಿಗೆ ಕಾರ್ಪೊರೇಟರ್ ಆಗಿದ್ದವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಮ್ಮ ಮನೆ ಪಕ್ಕ ಫ್ಲ್ಯಾಟ್ ಕಟ್ಟುತ್ತಿದ್ದಾರೆ. ಕೆಲಸಕ್ಕೆ ಬಂದ ಗದಗ ಕಡೆಯವರು ತಗಡಿನ ಶೆಡ್ಡಿನಲ್ಲಿದ್ದಾರೆ. ಏಳು ಮತ್ತು ಒಂಬತ್ತು ವರ್ಷದ ಇಬ್ಬರು ಹುಡುಗಿಯರು ದಿನವಿಡೀ ಜಲ್ಲಿ ರಾಶಿಯ ಮೇಲೆ ಆಡುತ್ತಿರುತ್ತಾರೆ. ಶಾಲೆಯಲ್ಲಿ ವಿಚಾರಿಸಿದೆ. ಜನನ ಪ್ರಮಾಣಪತ್ರ, ವಿಳಾಸದ ದಾಖಲೆ ತನ್ನಿ ಅಂದರು. ಈಗ ಅಕ್ಟೋಬರ್ ಬೇರೆ ಬಂತು. ಏನು ಮಾಡಲಿ?
- ಗೃಹಿಣಿ, ಕಾವೂರು

ಉತ್ತರ: ಶಾಲೆವರೆಗೆ ಹೋಗಿ ಕೇಳಿದಿರಲ್ಲ, ತುಂಬ ಸಂತೋಷ ಆಯ್ತು ತಂಗಿ. ಇನ್ನೊಂದು ಸಲ ಹೋಗಿ. ಈ ಸಲ ಮಕ್ಕಳ ಅಮ್ಮನನ್ನೂ ಕರೆದುಕೊಂಡು ಹೋಗಿ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು ಅಂತ 15ನೇ ಸೆಕ್ಷನ್ನಿನಲ್ಲಿದೆ. ಇನ್ನು ಒಂಬತ್ತು ವರ್ಷದವಳನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಲು ಒಪ್ಪಬೇಡಿ. ಅವಳ ವಯಸ್ಸಿನ ಮಕ್ಕಳ ಜೊತೆಗೇ ಸೇರಿಸಿ, ಬಾಕಿ ಉಳಿದ ಪಾಠವನ್ನು ಬೇರೆಯಾಗಿ ಹೇಳಿಕೊಡಬೇಕು. ಅದು 4ನೇ ಸೆಕ್ಷನ್. ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಗಲೂ ಆಗಲ್ಲ ಅಂದರೆ ನೇರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ, ನಿಮ್ಮ ಕಾರ್ಪೊರೇಟರನ್ನೂ ಕರೆಯಿರಿ. ಬರುವುದು ಅವರ ಕೆಲಸ.

ಆದರೆ ಕಾಗದದ ಮಾತಿಗೆ ಮೊದಲು ಆ ದೊಡ್ಡ ಹುಡುಗಿಯ ಸೊಂಟ ನೋಡಿ. ಅಲ್ಲೊಂದು ಕೂಸು ಇರುತ್ತದಾ?

ನನ್ನ ಮೊದಲ ಅವಧಿಯಲ್ಲಿ ಹೀಗೇ ಒಬ್ಬಳನ್ನು ಶಾಲೆಗೆ ಸೇರಿಸಿದ್ದೆ. ಯೂನಿಫಾರ್ಮ್, ಪುಸ್ತಕ ಎಲ್ಲ ಆಯ್ತು. ನಾಲ್ಕು ದಿನ ಹೋದಳು, ಐದನೇ ದಿನ ಇಲ್ಲ. ಜೋರು ಮಳೆ. ಕೊಡೆ ಹಿಡಿದು ಶೆಡ್ಡಿಗೆ ಹೋದೆ. ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು ಒಲೆ ಊದುತ್ತಿದ್ದಳು. ಯೂನಿಫಾರ್ಮನ್ನು ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಗಡಿನ ಸಂದಿಗೆ ಸಿಕ್ಕಿಸಿದ್ದಳು, ಒದ್ದೆಯಾಗಬಾರದು ಅಂತ. "ಇವನ್ನ ಯಾರ್ ನೋಡ್ತಾರ್ರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗನಿಗೆ ಆಗಷ್ಟೇ ಮೂರು ತುಂಬಿತ್ತು. ಮರುದಿನ ಅವನನ್ನು ಅಂಗನವಾಡಿಗೆ ಸೇರಿಸಿದೆವು. ಆಮೇಲೆ ಅವಳು ತಪ್ಪಿಸಲಿಲ್ಲ. ಹಾಗಾಗಿ ಅಂಗನವಾಡಿ ಟೀಚರನ್ನೂ ಇವತ್ತೇ ಮಾತಾಡಿಸಿ.

ಪ್ರಶ್ನೆ: ನಮ್ಮದು ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ. ಹಕ್ಕುಪತ್ರ ಮಾಡಿಸಿ ಕೊಡುತ್ತೇನೆ ಅಂತ ನಮ್ಮ ಕಾರ್ಪೊರೇಟರ್ ಪ್ರತಿ ಸಲ ಹೇಳುತ್ತಾರೆ. ಇನ್ನೂ ಆಗಿಲ್ಲ.
- ಓದುಗರು, ಸುರತ್ಕಲ್

ಉತ್ತರ: ಹಕ್ಕುಪತ್ರ ಪಾಲಿಕೆಯದ್ದಲ್ಲ, ಕಂದಾಯ ಇಲಾಖೆಯದ್ದು. ನಗರದಲ್ಲಿ ಭೂಕಂದಾಯ ಕಾಯ್ದೆಯ 94ಸಿಸಿ ಸೆಕ್ಷನ್ ಅಡಿ ಅರ್ಜಿ ಹೋಗುವುದು ತಹಶೀಲ್ದಾರರಿಗೆ. ಕಾರ್ಪೊರೇಟರ್ ನಿಮ್ಮ ಜೊತೆ ತಾಲೂಕು ಕಚೇರಿಗೆ ಬರಬಹುದು, ಕಡತ ಎಲ್ಲಿ ನಿಂತಿದೆ ಅಂತ ಕೇಳಬಹುದು. ನಾನೂ ಅಷ್ಟೇ ಮಾಡುತ್ತಿದ್ದೆ. ಕೊಡಿಸುತ್ತೇನೆ ಅಂತ ಮಾತು ಕೊಡುವ ಅಧಿಕಾರ ನಮಗಿಲ್ಲ. ಹಾಗೆ ಮಾತು ಕೊಟ್ಟು ಬಡವರನ್ನು ಕಾಯಿಸುವುದು ನನಗೆ ಸಹಿಸಲಾಗದ ವಿಷಯ. ನಿಮ್ಮ ಅರ್ಜಿಯ ಸ್ವೀಕೃತಿ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ಅರ್ಜಿಯೇ ಹೋಗಿಲ್ಲದಿರಬಹುದು.

ಪ್ರಶ್ನೆ: ರಸ್ತೆ, ಚರಂಡಿ ನೋಡಿಕೊಂಡರೆ ಸಾಲದಾ? ಕಾರ್ಪೊರೇಟರ್‌ಗೆ ಸಮಾನತೆಯ ಮಾತು ಯಾಕೆ?
- ನಿವೃತ್ತ ಉದ್ಯೋಗಿ, ಕದ್ರಿ

ಉತ್ತರ: ಸಾರ್, ಸಮಾನತೆ ಇದೆಯಾ ಇಲ್ವಾ ಅಂತ ಕಾಣಿಸುವುದೇ ರಸ್ತೆ, ಚರಂಡಿಯಲ್ಲಿ. ನಾನು ಆರಿಸಿ ಬಂದಾಗ ನಮ್ಮ ವಾರ್ಡಿನ ಕಾಂಕ್ರೀಟು ರಸ್ತೆ ಒಂದು ಹಲಸಿನ ಮರದ ಹತ್ತಿರ ನಿಲ್ಲುತ್ತಿತ್ತು. ಅಲ್ಲಿಂದ ಆಚೆ ದಲಿತರ ಹದಿನಾಲ್ಕು ಮನೆ. ಅಲ್ಲಿಗೆ ಕೆಸರು ದಾರಿ. ಮೇಲಿನ ಮನೆಗಳ ಚರಂಡಿಯ ನೀರು ಆ ಮರದ ಬುಡದಲ್ಲಿ ಬಯಲಿಗೆ ಬಿದ್ದು ಅವರ ಅಂಗಳಕ್ಕೆ ಹೋಗುತ್ತಿತ್ತು. ಯಾಕೆ ಅಲ್ಲಿಗೇ ನಿಂತಿತು ಅಂತ ಕೇಳಿದರೆ, ದುಡ್ಡು ಮುಗಿಯಿತು ಅಂದರು. ದುಡ್ಡು ಯಾವಾಗಲೂ ಅದೇ ಮರದ ಹತ್ತಿರ ಯಾಕೆ ಮುಗಿಯಬೇಕು ಸಾರ್?

ನಮ್ಮ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಇದೇ ಊರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು. ಅವರ ಹೆಸರಿನ ಕಟ್ಟಡದಲ್ಲಿ ಸಭೆ ಮಾಡುವ ನಾವು ಆ ಮರ ದಾಟಿ ಹೋಗದಿದ್ದರೆ ಹೇಗೆ?

ದುಡ್ಡಿಗೆ ದಾರಿಯೂ ಇದೆ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರ ಕೆಲಸಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಅಂತ ಬಜೆಟ್ಟಿನಲ್ಲಿ ತೆಗೆದಿಡುತ್ತವೆ. ನಮ್ಮ ಚರಂಡಿ ಮುಂದಕ್ಕೆ ಹೋದದ್ದು ಆ ದುಡ್ಡಿನಿಂದಲೇ, ಎರಡು ವರ್ಷ ಪ್ರತಿ ಸಭೆಯಲ್ಲೂ ಕೇಳಿದ ಮೇಲೆ.

ನಿಮಗೆ ಬಿಡುವಿದೆ, ಬರೆಯಲು ಬರುತ್ತದೆ. ನಿಮ್ಮ ವಾರ್ಡಿನಲ್ಲಿ ಈ ಹಣ ಎಲ್ಲೆಲ್ಲಿ ಖರ್ಚಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಪಟ್ಟಿ ಬಂದ ಮೇಲೆ ಒಂದು ಪ್ರತಿ ನನಗೂ ಕಳಿಸಿ. ಅದನ್ನು ಹಿಡಿದುಕೊಂಡು ಇಬ್ಬರೂ ನಿಮ್ಮ ವಾರ್ಡಿಗೆ ಒಂದು ಸುತ್ತು ಹಾಕೋಣ.