ಮೊದಲ ಚಿತ್ರ ಗೆದ್ದರೂ ಸಂಸ್ಥೆ ಮುಳುಗಿದ್ದೇಕೆ?

ಪ್ರಶ್ನೆ: ನಾಲ್ವರು ಗೆಳೆಯರು ಪಾಲುದಾರಿಕೆಯಲ್ಲಿ ಚಿತ್ರನಿರ್ಮಾಣ ಸಂಸ್ಥೆ ಕಟ್ಟಿದೆವು. ಮೇಲುಕೋಟೆಯ ಸುತ್ತಮುತ್ತ ತೆಗೆದ ಮೊದಲ ಚಿತ್ರಕ್ಕೆ ಲಾಭ ಬಂತು. ಎರಡನೆಯದಕ್ಕೆ ಮೂರು ರೂಪಾಯಿ ಬಡ್ಡಿಗೆ 40 ಲಕ್ಷ ತಂದೆವು. ಸೆನ್ಸಾರ್ ಮುಗಿದರೂ ಬಿಡುಗಡೆಗೆ ಕಾಸಿಲ್ಲ. ಎಡವಿದ್ದೆಲ್ಲಿ? ಈಗೇನು ಮಾಡುವುದು?
– ಓದುಗರು, ಮಂಡ್ಯ

ಉತ್ತರ: ಚಿತ್ರ ಸೋತು ಮುಳುಗಿದಿರಿ ಎನ್ನುವಂತಿಲ್ಲ, ಅದಿನ್ನೂ ತೆರೆಯನ್ನೇ ಕಂಡಿಲ್ಲ. ಮೊದಲ ಚಿತ್ರದ ಲಾಭ ಎಂದಿರಲ್ಲ, ಅದರಲ್ಲಿ ಕೈಗೆ ಬಂದದ್ದೆಷ್ಟು, ಹಂಚಿಕೆದಾರರು ಮತ್ತು ಟಿವಿ ವಾಹಿನಿಯಿಂದ ಬರಬೇಕಾದ್ದೆಷ್ಟು ಎಂದು ಬೇರೆ ಬೇರೆ ಬರೆದು ನೋಡಿ. ಕಬ್ಬಿನ ಬಾಕಿ ಏನೆಂದು ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ: ತೂಕದ ಚೀಟಿ ಕೈಯಲ್ಲಿರುತ್ತದೆ, ದುಡ್ಡು ಇರುವುದಿಲ್ಲ. ಆ ಚೀಟಿ ನಂಬಿಕೊಂಡೇ ಬಹಳ ಸಂಸ್ಥೆಗಳು ಎರಡನೇ ಚಿತ್ರದ ಮುಹೂರ್ತ ಇಟ್ಟುಬಿಡುತ್ತವೆ.

ಇನ್ನು ಬಡ್ಡಿ. 40 ಲಕ್ಷಕ್ಕೆ ತಿಂಗಳಿಗೆ 1.20 ಲಕ್ಷ, 18 ತಿಂಗಳಾಗಿದೆ ಎಂದುಕೊಂಡರೆ 21.60 ಲಕ್ಷ. ತೀರಿಸಬೇಕಾದ್ದು 61.60 ಲಕ್ಷ. ಮೈಸೂರಿನ ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ 177 ರೂಪಾಯಿ ಎಂದುಕೊಳ್ಳಿ. ಶೇ 18ರ ಜಿಎಸ್‌ಟಿ 27 ರೂಪಾಯಿ ಹೋದರೆ 150. ಅರ್ಧ ಚಿತ್ರಮಂದಿರಕ್ಕೆ ಎಂದರೆ ನಿಮಗೆ 75. ಸಾಲ ತೀರಲೇ 82 ಸಾವಿರ ಟಿಕೆಟ್ ಬೇಕು. ಹಂಚಿಕೆದಾರರ ಕಮಿಷನ್, ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರ್ ಖರ್ಚು ಇದರಲ್ಲಿ ಸೇರಿಲ್ಲ. ಪ್ರಚಾರದ ಹಣವನ್ನು ಚಿತ್ರೀಕರಣ ಶುರುವಾಗುವ ಮುಂಚೆಯೇ ಬೇರೆ ಖಾತೆಯಲ್ಲಿ ಇಡಬೇಕಿತ್ತು. ಕಾಲ್‌ಶೀಟ್, ಅಂದರೆ ಕಲಾವಿದರನ್ನು ಗೊತ್ತುಮಾಡಿದ ಚಿತ್ರೀಕರಣದ ದಿನಗಳು, ನಾಲ್ಕು ದಿನ ಹಿಗ್ಗಿದರೆ ಮೊದಲು ಕರಗುವುದು ಅದೇ.

ಈಗ ಮೊದಲ ಕೆಲಸ ಫೈನಾನ್ಸಿಯರ್ ಮುಂದೆ ಕೂರುವುದು. ಒಂದು ತಾರೀಖಿಗೆ ಬಡ್ಡಿ ನಿಲ್ಲಿಸಿ, ಮೊತ್ತ ನಿಗದಿ ಮಾಡಿಸಿ, ಚಿತ್ರದ ಟಿವಿ, ಓಟಿಟಿ ಹಕ್ಕು ಮಾರಿದ ಹಣ ನೇರ ಅವರ ಖಾತೆಗೆ ಎಂದು ಬರೆದುಕೊಡಿ. ಬದಲಿಗೆ ಬಿಡುಗಡೆಗೆ ತಕರಾರಿಲ್ಲ ಎಂಬ ಪತ್ರ ಪಡೆಯಿರಿ. ಬಿಡುಗಡೆಗೆಂದು ಮತ್ತೆ ಅದೇ ಬಡ್ಡಿಗೆ ಕೈಚಾಚಬೇಡಿ. ಕೆಲವೇ ತೆರೆಗಳು ಸಾಕು, ಅದೂ ಪಾಲಿನ ಲೆಕ್ಕದಲ್ಲಿ. ವಾರದ ಬಾಡಿಗೆ ಒಪ್ಪಿದರೆ ಸೀಟು ಖಾಲಿ ಹೊಡೆದರೂ ಬಾಡಿಗೆ ಕಟ್ಟಬೇಕು. ಸರ್ಕಾರದ ಸಹಾಯಧನವನ್ನು ಈ ಲೆಕ್ಕಕ್ಕೆ ತರಬೇಡಿ.

ಓಟಿಟಿಯವರು ಮೊದಲು ಕೇಳುವುದು ಕಾಗದಪತ್ರ. ಕಥೆ, ಚಿತ್ರಕಥೆ, ಸಂಗೀತದ ಹಕ್ಕು ನಿಮಗೆ ಬಂದಿದೆ ಎನ್ನುವುದು ಸಹಿ ಮಾಡಿದ ಬರಹದಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಗೆಳೆಯನೇ ಸಂಗೀತ ನಿರ್ದೇಶಕ ಎಂದು ಬಾಯಿಮಾತಿನಲ್ಲಿ ಬಿಟ್ಟಿದ್ದರೆ ಜಗಳಕ್ಕೆ ಮುಂಚೆ ಬರೆಸಿಕೊಳ್ಳಿ. ಸೆನ್ಸಾರ್ ಪ್ರಮಾಣಪತ್ರದ ಚಿಂತೆ ಬೇಡ. 2023ರ ತಿದ್ದುಪಡಿಯ ನಂತರ ಅದಕ್ಕೆ ಕಾಲಮಿತಿಯಿಲ್ಲ.

ಪ್ರಶ್ನೆ: ಪಾಲುದಾರಿಕೆ ಬದಲು ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಮಾಡಿದರೆ ಮನೆ-ಜಮೀನು ಉಳಿಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಸ್ವಂತ ಆಸ್ತಿಯಿಂದ ಹೊಣೆ. ಜೊತೆಗೆ, ನೋಂದಣಿಯಾಗದ ಸಂಸ್ಥೆ ಒಪ್ಪಂದದ ಬಾಕಿ ವಸೂಲಿಗೆ ದಾವೆ ಹೂಡುವಂತಿಲ್ಲ. ಎಲ್‌ಎಲ್‌ಪಿಯಲ್ಲಿ ಸಾಮಾನ್ಯವಾಗಿ ಹೊಣೆ ಹೂಡಿದ ಬಂಡವಾಳಕ್ಕೆ ಸೀಮಿತ. ಆದರೆ ಫೈನಾನ್ಸಿಯರ್ ನಿಮ್ಮ ಸ್ವಂತ ಚೆಕ್ಕು, ವೈಯಕ್ತಿಕ ಜಾಮೀನು ಕೇಳಿ ನೀವು ಕೊಟ್ಟಿರೋ, ಆ ರಕ್ಷಣೆ ಅಲ್ಲಿಗೆ ಮುಗಿಯಿತು. ಎಲ್‌ಎಲ್‌ಪಿಯಾದರೆ ಚಿತ್ರ ಮಾಡದ ವರ್ಷವೂ ವಾರ್ಷಿಕ ವಿವರದ ನಮೂನೆ 11ನ್ನು ಮೇ 30ರೊಳಗೆ, ಲೆಕ್ಕಪತ್ರದ ನಮೂನೆ 8ನ್ನು ಅಕ್ಟೋಬರ್ 30ರೊಳಗೆ ಸಲ್ಲಿಸಬೇಕು.