ಮಾಜಾಳಿ ಗಡಿಯ ಮಕ್ಕಳು: ಕೇಳಿದ ಪ್ರಶ್ನೆಗೊಂದು ಉತ್ತರ

ಕಾರವಾರಕ್ಕೆ ಬಂದು ಹೋದ ನಿಮಗೆ ಇಲ್ಲಿ ಮಕ್ಕಳ ಬಡತನ ಕಾಣಲಿಲ್ಲವೆಂದೂ, ಕಡಲತೀರ, ನೌಕಾನೆಲೆ, ಕೈಗಾ ಅಣುಸ್ಥಾವರ ಇರುವ, ಊರೂರಿಗೆ ಶಾಲೆಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಕ್ಕಳ ಹಕ್ಕಿನ ಬಗ್ಗೆ ಇಷ್ಟೊಂದು ಮಾತು ಏಕೆಂದೂ ಕೇಳಿದ್ದೀರಿ. ನಾನು ಕಾಳಿ ನದಿಯ ಉತ್ತರ ದಡದ, ಮಾಜಾಳಿಯ ಗೋವಾ ಗಡಿಗೆ ಹತ್ತಿರದ ಹಳ್ಳಿಯವನು. ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೆಲವು ವರ್ಷ ಇದ್ದವನು. ಇಲ್ಲಿನ ಬಡತನ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಒಂದೇ ಜಾಗದಲ್ಲಿ ನಿಲ್ಲುವುದೂ ಇಲ್ಲ. ನಮ್ಮ ಯೋಜನೆಗಳಾದರೋ ಹನ್ನೆರಡು ತಿಂಗಳೂ ಒಂದೇ ವಿಳಾಸದಲ್ಲಿ ಸಿಗುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ನಮ್ಮ ಮಕ್ಕಳ ಕಷ್ಟದ ಬಹುಪಾಲು ಈ ಅಂತರದಲ್ಲಿದೆ ಎಂದು ನಾನು ನಂಬಿದ್ದೇನೆ.

ನೀವು ಬಂದದ್ದು ಡಿಸೆಂಬರ್‌ನಲ್ಲಿ. ಜೂನ್‌ನಲ್ಲಿ ಬಂದಿದ್ದರೆ ಬೇರೆಯೇ ಊರನ್ನು ನೋಡುತ್ತಿದ್ದಿರಿ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಅದು ಬೇಕಾದ ನಿಯಮವೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಬೈತಖೋಲ ಬಂದರಿನಲ್ಲಿ ಬೋಟುಗಳು ನಿಂತ ದಿನವೇ ಮೀನು ವಿಂಗಡಿಸುವ ಹೆಂಗಸರ, ಮಂಜುಗಡ್ಡೆ ಹೊರುವವರ, ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರುವವರ ದುಡಿಮೆಯೂ ನಿಲ್ಲುತ್ತದೆ. ಸಹಕಾರ ಸಂಘದ ಸದಸ್ಯರಾದ ಮೀನುಗಾರರಿಗೆ ಉಳಿತಾಯ-ಪರಿಹಾರ ಯೋಜನೆಯ ಹಣವಾದರೂ ಬರುತ್ತದೆ. ದಿನಗೂಲಿಯ ಈ ಕೈಗಳಲ್ಲಿ ಎಷ್ಟೋ ಆ ಪಟ್ಟಿಯಲ್ಲೇ ಇಲ್ಲ. ಶಾಲೆ ತೆರೆಯುವುದೂ ಇದೇ ಹೊತ್ತಿಗೆ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ, ನಿಜ. ನೋಟ್‌ಬುಕ್, ಕೊಡೆ, ಹೈಸ್ಕೂಲಿಗೆ ಹೋಗುವ ಹುಡುಗರ ಬಸ್ ಖರ್ಚು ಮನೆಯವರದ್ದು. ವರ್ಷದಲ್ಲಿ ಕೈ ಬರಿದಾಗುವ ತಿಂಗಳು ಮತ್ತು ಮಕ್ಕಳ ಖರ್ಚು ಏರುವ ತಿಂಗಳು ನಮ್ಮಲ್ಲಿ ಒಂದೇ.

ಒಂದು ಮಳೆಗಾಲದಲ್ಲಿ ಅಣ್ಣ-ತಂಗಿ ಇಬ್ಬರ ಹಾಜರಿ ವಿಚಿತ್ರವಾಗಿತ್ತು: ಒಂದು ದಿನ ಅಣ್ಣ ಬಂದರೆ ಮರುದಿನ ತಂಗಿ, ಇಬ್ಬರೂ ಒಟ್ಟಿಗೆ ಬಂದ ದಿನವೇ ಇಲ್ಲ. ಶಾಲೆಯ ಅಕ್ಕೋರು (ಶಿಕ್ಷಕಿ) ಬೇಸರಿಸದೆ ಅವರ ಮನೆಯವರೆಗೆ ನಡೆದು ಹೋಗಿ ವಿಚಾರಿಸಿದರು. ಮನೆಯಲ್ಲಿ ಇದ್ದದ್ದು ಒಂದೇ ಕೊಡೆ. ಹಾಜರಿ ಪುಸ್ತಕದಲ್ಲಿ ಅದು 'ಅನಿಯಮಿತ ಹಾಜರಾತಿ' ಎಂದು ದಾಖಲಾಗಿತ್ತು. ಇದಕ್ಕೆ ಇನ್ನೊಂದು ಸಂಗತಿ ಸೇರಿಸಬೇಕು. ಭಾರೀ ಮಳೆಯ ದಿನಗಳಲ್ಲಿ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಘೋಷಿಸುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಕಂಡ ಮೇಲೆ ರಜೆ ಬೇಡವೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಶಾಲೆಗೆ ರಜೆಯಾದ ದಿನ ಅಕ್ಷರ ದಾಸೋಹದ ಬಿಸಿಯೂಟವೂ ಇಲ್ಲ. ಒಲೆ ತಣ್ಣಗಿರುವ ಕಾಲದಲ್ಲೇ ಮಧ್ಯಾಹ್ನದ ಖಾತರಿ ಊಟವೂ ತಪ್ಪುತ್ತದೆ. ರಜೆಯ ದಿನಗಳ ಅಕ್ಕಿ, ಬೇಳೆಯನ್ನು ಮನೆಗೆ ಮುಟ್ಟಿಸುವ ವ್ಯವಸ್ಥೆ ಕರಾವಳಿಯ ತಾಲೂಕುಗಳಿಗಾದರೂ ಬೇಕು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಆಹಾರಧಾನ್ಯವನ್ನು ಮಕ್ಕಳ ಮನೆಗೆ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಆಗ ಆದದ್ದು ಈಗ ಏಕಾಗಬಾರದು?

ಇನ್ನು ಗಡಿಯ ವಿಷಯ. ನಮ್ಮೂರಿನ ಎಷ್ಟೋ ಜನ ಬೆಳಗಿನ ರೈಲಿಗೋ ಬಸ್ಸಿಗೋ ಗೋವಾಕ್ಕೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಕೊಪ್ಪಳ, ಗದಗ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳು ಅಲ್ಲೇ ಉಳಿಯುತ್ತವೆ. ಕೆಲಸ ತಪ್ಪಿದರೆ, ಬಾಡಿಗೆ ಹೆಚ್ಚಾದರೆ, ಗಡಿ ದಾಟಿ ನಮ್ಮ ಕಡೆ ಕೋಣೆ ಹಿಡಿಯುತ್ತವೆ. ಹಾಗೆ ಬಂದ ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಶಾಲೆಗೆ ಬಂದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್, ರೇಷನ್ ಕಾರ್ಡು, ಲಸಿಕೆಯ ಚೀಟಿ ಎಲ್ಲವೂ ಜೋಪಾನವಾಗಿದ್ದವು; ವರ್ಗಾವಣೆ ಪತ್ರವೊಂದು ಇರಲಿಲ್ಲ. ಅದೊಂದು ಕಾಗದ ತನ್ನಿ ಎಂದು ಬೇರೊಂದು ಶಾಲೆಯವರು ಹಿಂದಕ್ಕೆ ಕಳಿಸಿ ತಿಂಗಳುಗಳೇ ಕಳೆದಿದ್ದವು. ಹುಡುಗಿ ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಹೊರಗೆ ಕೊಂಕಣಿ, ಹಿಂದಿ ಸರಾಗವಾಗಿ ಆಡುತ್ತಿದ್ದಳು. ಓದಲು ಮಾತ್ರ ಮೂರರಲ್ಲಿ ಯಾವುದೂ ಬರುತ್ತಿರಲಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಯುವಂತಿಲ್ಲ (5ನೇ ಕಲಂ). ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (14ನೇ ಕಲಂ). ಕಲಿಕೆ ಹಿಂದುಳಿದಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು (4ನೇ ಕಲಂ). ಆ ಮಗುವಿಗೆ ಮೊದಲನೆಯದೂ ಕೊನೆಯದೂ ನೇರವಾಗಿ ಅನ್ವಯಿಸುತ್ತಿದ್ದವು, ಆದರೆ ಅವಳ ತಾಯಿಗೆ ಒಂದನ್ನೂ ಯಾರೂ ಹೇಳಿರಲಿಲ್ಲ. ನಮ್ಮ ಮುಖ್ಯಾಧ್ಯಾಪಕಿ ಅದೇ ದಿನ ಹೆಸರು ಬರೆದುಕೊಂಡು, ಗೋವಾದ ಶಾಲೆಗೆ ತಾವೇ ಪತ್ರ ಬರೆದರು. ಒಂದೇ ದೇಶ ಒಂದೇ ಪಡಿತರ ಚೀಟಿ ಬಂದ ಮೇಲೆ ಅಕ್ಕಿ ಗಡಿಯಾಚೆಯೂ ಸಿಗುವಂತಾಗಿದೆ. ಶಾಲೆಯ ಹೆಸರೂ ಮಗುವಿನ ಹಿಂದೆಯೇ ಅಷ್ಟು ಸಲೀಸಾಗಿ ಹೋಗಬೇಕು.

ಘಟ್ಟದ ಮೇಲೆ, ಶಿರಸಿ, ಯಲ್ಲಾಪುರ, ಜೋಯಿಡಾಗಳಲ್ಲಿ, ಚಿತ್ರ ಬೇರೆ. ಅಲ್ಲಿ ಸಿದ್ದಿ, ಕುಣಬಿ, ಗೌಳಿ ಸಮುದಾಯಗಳ ಮಕ್ಕಳಿಗೆ ಅಡ್ಡವಾಗಿರುವುದು ದಾರಿ: ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕವೇ ಗತಿ, ಅದು ಕೊಚ್ಚಿಹೋದರೆ ಶಾಲೆ ಹೋದಂತೆ. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದರಿಂದ ಹಾಸ್ಟೆಲು, ವಿದ್ಯಾರ್ಥಿವೇತನಗಳ ಬಾಗಿಲು ತೆರೆಯಿತು. ಅಲ್ಲಿನ ಮಾತನ್ನು ಅಲ್ಲಿಯವರೇ ಹೇಳಲಿ.

ಕರಾವಳಿಯ ಇನ್ನೊಂದು ಸಂಕಟವನ್ನು ಹೊರಗಿನವರು ಊಹಿಸಲಾರರು. ತಂದೆಯನ್ನು ಕಳೆದುಕೊಂಡ ಬಡ ಮಕ್ಕಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಆದರೆ ಸಮುದ್ರಕ್ಕೆ ಹೋದ ತಂದೆಯ ಶವವೇ ಸಿಗದಿದ್ದರೆ ಮರಣ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಏಳು ವರ್ಷ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಏಳು ವರ್ಷವೆಂದರೆ ಒಂದನೇ ತರಗತಿಯ ಮಗು ಎಂಟನೇ ತರಗತಿಗೆ ಬರುವಷ್ಟು ಕಾಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಜಿಲ್ಲೆಯವರು. ಅದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಸಣ್ಣ ದೋಣಿಯಲ್ಲಿ ಒಬ್ಬಂಟಿಯಾಗಿ ಹೋದವನ ಮನೆಯ ಕಡತಕ್ಕೆ ಅಂಥ ಬಲವಿರುವುದಿಲ್ಲ. ಕಾಣೆಯಾದ ಮೀನುಗಾರರ ಮಕ್ಕಳಿಗೆ ಪೊಲೀಸ್ ದೂರಿನ ಆಧಾರದ ಮೇಲೆಯೇ ಪ್ರಾಯೋಜಕತ್ವ ಆರಂಭಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಹದಿನಾಲ್ಕು ದಾಟಿದವರ ವಿಷಯದಲ್ಲಿ ಕಾನೂನೇ ಕೈ ಸಡಿಲಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಆ ವಯಸ್ಸಿಗೆ ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14ರಿಂದ 18ರವರನ್ನು ಅಪಾಯಕಾರಿ ಪಟ್ಟಿಯ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಹತ್ತನೇ ತರಗತಿಯವರೆಗೆ ಬಿಸಿಯೂಟವಿದೆ, ಪಿಯುಸಿಗೆ ಇಲ್ಲ. ಹೀಗಾಗಿ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಿಷಯ ಉಳಿಸಿಕೊಂಡ ಹುಡುಗ ಆಗಸ್ಟ್‌ನಲ್ಲಿ ಬೋಟು ಹತ್ತುತ್ತಾನೆ, ಹುಡುಗಿ ಸಿಗಡಿ ಸುಲಿಯಲು ಕೂರುತ್ತಾಳೆ. ಅವರನ್ನು ಕೇಳಿಕೊಂಡು ಮನೆಗೆ ಬರುವವರು ಯಾರೂ ಇಲ್ಲ.

ನಿಮ್ಮ ಗೆಳೆಯರೆಲ್ಲ ಸೇರಿ ಬ್ಯಾಗು, ಪುಸ್ತಕ ಹಂಚುವ ಯೋಚನೆಯಲ್ಲಿದ್ದೀರಿ ಎಂದು ತಿಳಿದು ಸಂತೋಷವಾಯಿತು. ಹಂಚುವುದಾದರೆ ಆಗಸ್ಟ್ 15ಕ್ಕೆ ಬೇಡ, ಮೇ ಕೊನೆಯ ವಾರ ಬನ್ನಿ. ಬ್ಯಾಗಿಗಿಂತ ಮೊದಲು ಕೊಡೆ ತನ್ನಿ. ಅದಕ್ಕೂ ಮುಂಚೆ ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಒಮ್ಮೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಕಳೆದ ಸಭೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಶೌಚಾಲಯಕ್ಕೆ ಬೀಗ ಹಾಕಿ ಕೀಲಿಯನ್ನು ಕಚೇರಿಯಲ್ಲಿ ಇಡುವುದು ಏಕೆ ಎಂದು ಕೇಳಿದಳು. ಪಿಡಿಒ ಉತ್ತರ ಹುಡುಕುವಷ್ಟರಲ್ಲಿ ಮುಖ್ಯಾಧ್ಯಾಪಕಿಯೇ ಬೀಗ ತೆಗೆಸುವುದಾಗಿ ಒಪ್ಪಿದರು. ಗಡಿಯ ಬಾಡಿಗೆ ಕೋಣೆಗಳ ಸಾಲುಗಳಲ್ಲಿ ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಕನ್ನಡ, ಕೊಂಕಣಿ, ಹಿಂದಿಯಲ್ಲಿ ಬರೆಸಬೇಕಾಗಿದೆ, ಅದಕ್ಕೆ ಬಣ್ಣದ ಖರ್ಚು ಬಿಟ್ಟರೆ ಹೆಚ್ಚೇನೂ ಬೇಡ. ಜೊತೆಗೆ, ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ತಾಯಂದಿರೊಂದಿಗೆ ವಾರಕ್ಕೊಂದು ದಿನ ನಡೆಯಬಲ್ಲ, ಕಾಯ್ದೆಯ ಕಲಂ ತೋರಿಸಬಲ್ಲ ಒಬ್ಬರನ್ನು ನೀವು ಒದಗಿಸಿದರೆ ಅವರ ವಸತಿ, ಊಟದ ವ್ಯವಸ್ಥೆಯನ್ನು ನಮ್ಮೂರಿನವರು ನೋಡಿಕೊಳ್ಳುತ್ತೇವೆ.